ಚೀನಾದಿಂದ ಕಾಫಿ ಪೌಚ್ ಸ್ಯಾಂಪಲ್ ತರಿಸ್ಕೊಂಡಿದ್ದು ಹೇಗೆ - ನನ್ನ ಅನುಭವ

ನಮ್ದು ಸಕಲೇಶಪುರದ ಹತ್ರ ಒಂದು ಸಣ್ಣ ಕಾಫಿ ರೋಸ್ಟಿಂಗ್ ಯೂನಿಟ್ಟು, ತೋಟದ ಬೀಜನೇ ಹುರಿದು ಪ್ಯಾಕ್ ಮಾಡಿ ಬೆಂಗಳೂರು ಮೈಸೂರು ಕಡೆ ಆನ್‌ಲೈನಲ್ಲಿ ಮಾರ್ತೀವಿ. ಹುರಿದ ಬೀಜ ಸುಮಾರು ದಿನ ಕಾರ್ಬನ್ ಡೈಆಕ್ಸೈಡ್ ಬಿಡ್ತಾನೇ ಇರತ್ತೆ, ವಾಲ್ವ್ ಇಲ್ದೆ ಸೀಲ್ ಮಾಡಿದ್ರೆ ಪ್ಯಾಕೆಟ್ಟು ಉಬ್ಕೊಂಡು ಬಾಯಿ ಬಿಡತ್ತೆ, ಅದಕ್ಕೆ ಒನ್ ವೇ ವಾಲ್ವ್ (ಒಳಗಿನ ಗಾಳಿ ಹೊರಗೆ ಬಿಟ್ಟು ಹೊರಗಿಂದ ಒಳಗೆ ಬಿಡದ ಸಣ್ಣ ಕವಾಟ) ಇರೋ ಪೌಚ್ ಬೇಕು. ಜೊತೆಗೆ ಲೋಟದ ಅಂಚಿಗೆ ನೇತು ಹಾಕಿ ಬಿಸಿನೀರು ಹುಯ್ಯೋ ಡ್ರಿಪ್ ಬ್ಯಾಗ್ ಫಿಲ್ಟರ್ ಕೂಡ ಬೇಕಿತ್ತು. ಎರಡಕ್ಕೂ ಚೀನಾದ ಸಪ್ಲೈಯರ್‌ಗಳ ಹತ್ರ ಸ್ಯಾಂಪಲ್ ತರಿಸಿದೆ. ಈಗ ನಮ್ ಕಡೆ ಹುಡುಗರು ಸುಮಾರು ಜನ ಅದನ್ನೇ ಕೇಳ್ತಾರೆ, ಅದಕ್ಕೆ ಬರೀತಿದೀನಿ.

ಮೊದ್ಲು ಪೇಪರ್ ವಿಷ್ಯ ಮುಗಿಸ್ಬಿಡಣ. ಐಇಸಿ (ಇಂಪೋರ್ಟ್ ಎಕ್ಸ್‌ಪೋರ್ಟ್ ಮಾಡೋಕೆ ಬೇಕಾದ ಕೋಡ್ ನಂಬರ್) ಮಾಡಿಸ್ಕೊಳ್ಳಿ. ಕೇಂದ್ರ ಸರ್ಕಾರದ ವಿದೇಶಿ ವ್ಯಾಪಾರ ಇಲಾಖೆ ಡಿಜಿಎಫ್‌ಟಿ ಸೈಟಲ್ಲಿ ಆಗತ್ತೆ, ಫೀಸು 500 ರೂಪಾಯಿ, ಏಜೆಂಟು ಬೇಕಿಲ್ಲ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಏನೂ ಬದಲಾವಣೆ ಇಲ್ದಿದ್ರೂ ಒಂದ್ಸಲ ಲಾಗಿನ್ ಆಗಿ ಕನ್ಫರ್ಮ್ ಮಾಡ್ಬೇಕು, ಇಲ್ಲಾಂದ್ರೆ ಡೀಆಕ್ಟಿವೇಟ್ ಮಾಡ್ತಾರೆ. ಕೊರಿಯರ್ ಕಂಪ್ನಿಗೆ ಕೆವೈಸಿ, ಜಿಎಸ್‌ಟಿ ಸರ್ಟಿಫಿಕೇಟು, ಐಇಸಿ ಎಲ್ಲ ಬಾಕ್ಸು ಹೊರಡೋಕ್ ಮುಂಚೆನೇ ಕಳ್ಸಿಡಿ. ಬೆಂಗಳೂರು ಏರ್‌ಪೋರ್ಟಿಗೆ ಬಂದ್ಮೇಲೆ ನೋಡಣ ಅಂದ್ರೆ ಅಲ್ಲಿ ಸ್ಟೋರೇಜ್ ಮೀಟರ್ ಓಡೋಕೆ ಶುರುವಾಗಿರತ್ತೆ.

ಸಪ್ಲೈಯರ್ ಹತ್ರ ಮಾತಾಡೋದು ಹೆಂಗೆ ಅಂತ ಕೇಳ್ತಾರೆ. ಅವ್ರು ಮೊದ್ಲು ವೀಚಾಟ್ ಐಡಿ ಕೇಳ್ತಾರೆ, ನಮ್ಮಲ್ಲಿ ಅದು 2020ರ ಜೂನ್‌ನಲ್ಲೇ ಬ್ಯಾನ್ ಆಗಿದೆ, ಅವ್ರಲ್ಲಿ ವಾಟ್ಸಾಪ್ ವಿಪಿಎನ್ ಇಲ್ದೆ ನಡಿಯಲ್ಲ, ಹಂಗಾಗಿ ಮಾತುಕತೆ ವಾಟ್ಸಾಪಲ್ಲಿ ಆದ್ರೂ ರೇಟು, ಅಳತೆ, ಲೇಯರ್ ಎಲ್ಲ ಕೊನೆಗೆ ಈಮೇಲ್‌ನಲ್ಲೇ ಬರೆಸ್ಕೋತೀನಿ. 'ಬೆಸ್ಟ್ ಕ್ವಾಲಿಟಿ ಕಾಫಿ ಬ್ಯಾಗ್' ಅಂತ ಕೇಳಿದ್ರೆ ಕ್ಯಾಟಲಾಗ್ ಪಿಡಿಎಫ್ ಬರತ್ತೆ ಅಷ್ಟೆ. ನಾನು ಕೇಳೋದು ಇಷ್ಟು: 250 ಗ್ರಾಂ ಬೀಜ ಹಿಡಿಯೋ ಪೌಚು, ಹೊರಗೆ ಕ್ರಾಫ್ಟ್ ಪೇಪರ್, ಮಧ್ಯ ಅಲ್ಯೂಮಿನಿಯಂ ಫಾಯಿಲ್, ಒಳಗೆ ಪಿಇ (ಪಾಲಿಥಿನ್), ಒಟ್ಟು ದಪ್ಪ ಎಷ್ಟು ಮೈಕ್ರಾನ್, ವಾಲ್ವ್ ಯಾರ್ದು, ಮೈಗ್ರೇಷನ್ ಟೆಸ್ಟ್ (ಪ್ಲಾಸ್ಟಿಕ್‌ನಿಂದ ಆಹಾರಕ್ಕೆ ಎಷ್ಟು ಇಳಿಯತ್ತೆ ಅನ್ನೋ ಟೆಸ್ಟು) ರಿಪೋರ್ಟ್ ಇದ್ಯಾ. ಇದಕ್ಕೆ ನೆಟ್ಟಗೆ ಉತ್ತರ ಕೊಡೋನು ಫ್ಯಾಕ್ಟರಿಯವನು, 'ಎಸ್ ಡಿಯರ್' ಅಂತ ಮಾತ್ರ ಹೇಳೋನು ಹೆಚ್ಚಾಗಿ ಟ್ರೇಡರ್ರು. ಟ್ರೇಡರ್ ಕೆಟ್ಟೋನು ಅಂತಲ್ಲ, ಸಣ್ಣ ಕ್ವಾಂಟಿಟಿಗೆ ಒಪ್ಕೊಳ್ಳೋದು ಅವ್ನೇ. ಇನ್ನೊಂದು, ಶೋರೂಮ್‌ಗೆ ಅಂತ ಕೈಯಲ್ಲಿ ಮಾಡಿಟ್ಟ ಪೀಸ್ ಬೇಡ, ಯಾರ್ದೋ ಬಲ್ಕ್ ಆರ್ಡರ್ ಮೆಷಿನ್‌ನಲ್ಲಿ ಓಡ್ದಾಗ ಉಳ್ದಿರೋ ಪೀಸ್ ಕಳ್ಸು ಅಂತ ಬಾಯಿಬಿಟ್ಟು ಹೇಳ್ಬೇಕು, ಬೇರೆಯವ್ರ ಹೆಸ್ರು ಪ್ರಿಂಟ್ ಆಗಿದ್ರೂ ಪರ್ವಾಗಿಲ್ಲ.

ಇನ್ನು ಇನ್‌ವಾಯ್ಸ್. ನನ್ನ ಕೇಳಿದ್ರೆ ಇಡೀ ಕೆಲ್ಸದಲ್ಲಿ ಮುಖ್ಯ ಇದೇ. ಸಪ್ಲೈಯರ್ ತಾನಾಗೇ ಒಂದು ಉಪಕಾರ ಮಾಡೋಕ್ ಬರ್ತಾನೆ, '5 ಡಾಲರ್ ಅಂತ ಹಾಕ್ಲಾ, ಗಿಫ್ಟ್ ಅಂತ ಬರೀಲಾ' ಅಂತ. ಎರಡೂ ಬೇಡ ಅನ್ನಿ. 2019ರ ಡಿಸೆಂಬರ್‌ನಿಂದ ಪೋಸ್ಟು, ಕೊರಿಯರ್‌ನಲ್ಲಿ ಡ್ಯೂಟಿ ಕಟ್ಟದೆ ಗಿಫ್ಟ್ ಅಂತ ತರ್ಸೋದೇ ನಿಷೇಧ, ಪ್ರಾಣ ಉಳ್ಸೋ ಔಷಧಿ ಮತ್ತೆ ರಾಖಿಗೆ ಮಾತ್ರ ಬಿಟ್ಟಿದಾರೆ. ಕಾಫಿ ಪೌಚು ರಾಖಿ ಅಲ್ವಲ್ಲ! ರೇಟು ಕಮ್ಮಿ ತೋರ್ಸಿದ್ರೆ ಕಸ್ಟಮ್ಸ್‌ನವ್ರಿಗೆ ಅನುಮಾನ ಬಂದ್ರೆ ಪೇಮೆಂಟ್ ಪ್ರೂಫ್ ಕೇಳ್ತಾರೆ, ಅವ್ರೇ ಒಂದು ಬೆಲೆ ಕಟ್ಟೋಕೂ ಕಾನೂನಲ್ಲಿ ಅವಕಾಶ ಇದೆ. ನಾನು ಡ್ರಾಫ್ಟ್ ಇನ್‌ವಾಯ್ಸ್ ಮೊದ್ಲು ನಂಗೆ ಕಳ್ಸು ಅಂತೀನಿ. ಅದ್ರಲ್ಲಿ 'ಸ್ಯಾಂಪಲ್' ಅಂತ ಒಂದೇ ಪದ ಇದ್ರೆ ಸಾಲ್ದು. ಖಾಲಿ ಪ್ಲಾಸ್ಟಿಕ್ ಲ್ಯಾಮಿನೇಟೆಡ್ ಪೌಚ್, ಪ್ರಿಂಟ್ ಇದ್ಯಾ ಇಲ್ವಾ, ಇಷ್ಟು ಪೀಸು, ಪೀಸಿಗೆ ಇಷ್ಟು, ಎಚ್‌ಎಸ್ ಕೋಡು (ಮಾಲು ಯಾವ್ದು ಅಂತ ಕಸ್ಟಮ್ಸ್ ಗುರುತಿಸೋ ನಂಬರ್ರು), ನನ್ನ ಐಇಸಿ, ಜಿಎಸ್‌ಟಿ ನಂಬರ್ರು, ಎಲ್ಲ ಇರ್ಬೇಕು.

ಡ್ಯೂಟಿ ಲೆಕ್ಕ ಕಷ್ಟ ಏನಲ್ಲ. ಬೇಸಿಕ್ ಡ್ಯೂಟಿ, ಅದ್ರ ಮೇಲೆ 10% ಸೋಷಿಯಲ್ ವೆಲ್ಫೇರ್ ಸರ್ಚಾರ್ಜು, ಮಾಲಿನ ಬೆಲೆಗೆ ಇವೆರಡೂ ಸೇರ್ಸಿದ ಮೊತ್ತಕ್ಕೆ ಐಜಿಎಸ್‌ಟಿ, ಅಂದ್ರೆ ಇಂಪೋರ್ಟ್ ಮಾಲಿನ ಮೇಲಿನ ಜಿಎಸ್‌ಟಿ. ಬೇಸಿಕ್ 10, ಐಜಿಎಸ್‌ಟಿ 18 ಅಂದ್ಕೊಂಡ್ರೆ ಒಟ್ಟು 30.98% ಆಗತ್ತೆ. ನಿಮ್ಮ ಐಟಮ್‌ಗೆ ಎಷ್ಟು ಅಂತ ಕೋಡ್ ಹಾಕಿ ನೋಡ್ಕೊಳ್ಳಿ, ಬಜೆಟ್‌ನಲ್ಲಿ ಬದಲಾಗ್ತಾ ಇರತ್ತೆ. ಇಲ್ಲಿ ಜನ ಗಮನಿಸ್ದೇ ಇರೋದು ಒಂದಿದೆ. ಸ್ಯಾಂಪಲ್ ಬೆಲೆ 30 ಡಾಲರ್, ಕೊರಿಯರ್ 45 ಡಾಲರ್ ಅನ್ಕೊಳ್ಳಿ, ಡ್ಯೂಟಿ 75ರ ಮೇಲೆ ಅಲ್ಲ. ವಿಮಾನದಲ್ಲಿ ಬಂದ ಮಾಲಿಗೆ ಸಾಗಾಟದ ಖರ್ಚು ಮಾಲಿನ ಬೆಲೆಯ 20% ಮೀರಿ ಸೇರ್ಸೋ ಹಾಗಿಲ್ಲ ಅಂತ ವ್ಯಾಲ್ಯುಯೇಷನ್ ರೂಲ್‌ನಲ್ಲೇ ಇದೆ, ಅಂದ್ರೆ 6 ಡಾಲರ್ ಅಷ್ಟೆ, ಇನ್ಶೂರೆನ್ಸ್ ಲೆಕ್ಕ ಇಲ್ದಿದ್ರೆ 1.125%, ಎಲ್ಲ ಸೇರಿ 36 ಚಿಲ್ರೆ ಡಾಲರ್ ಮೇಲೆ ಡ್ಯೂಟಿ, ಸುಮಾರು 11 ಡಾಲರ್. ಕೊರಿಯರ್‌ನವ್ರು ಕಳ್ಸೋ ಬಿಲ್ ಆಫ್ ಎಂಟ್ರಿ (ಕಸ್ಟಮ್ಸ್‌ಗೆ ಕೊಟ್ಟ ಇಂಪೋರ್ಟ್ ಲೆಕ್ಕದ ಪತ್ರ) ತೆಗ್ದು ಸಾಗಾಟದ ಖರ್ಚಿನ ಈ ಒಂದು ಲೈನ್ ನೋಡಿ.

ಫ್ರೀ ಸ್ಯಾಂಪಲ್‌ಗೆ ಡ್ಯೂಟಿ ವಿನಾಯಿತಿ ಇದೆ, ಷರತ್ತುಗಳೂ ಇವೆ. ನಾನು ಅದರ ಹಿಂದೆ ಬೀಳಲ್ಲ. ದುಡ್ಡು ಕೊಟ್ಟು ತರಿಸಿದ ಸ್ಯಾಂಪಲ್ಲು, ಐಜಿಎಸ್‌ಟಿ ಹೆಂಗೂ ಮುಂದೆ ಕಟ್ಟೋ ಜಿಎಸ್‌ಟಿಗೆ ಕ್ರೆಡಿಟ್ ಸಿಗತ್ತೆ, ಉಳ್ದಿದ್ದು ಒಂದು ಕಾಫಿ ತಿಂಡಿ ಖರ್ಚು. ಕ್ರೆಡಿಟ್ ಸಿಗ್ಬೇಕು ಅಂದ್ರೆ ಬಿಲ್ ಆಫ್ ಎಂಟ್ರೀಲಿ ನಿಮ್ಮ ಜಿಎಸ್‌ಟಿ ನಂಬರ್ ಇರ್ಲೇಬೇಕು, ಮನೆ ಅಡ್ರೆಸ್ಸಿಗೆ ಸ್ವಂತ ಹೆಸ್ರಲ್ಲಿ ತರ್ಸಿದ್ರೆ ಅದೂ ಹೋಯ್ತು.

ಬಾಕ್ಸ್ ಬಂದ್ಮೇಲೆ ಅಸಲಿ ಕೆಲ್ಸ. ಪೌಚ್ ಒಳಗೆ ಮೊಬೈಲ್ ಟಾರ್ಚ್ ಹಾಕಿ ಕತ್ತಲೆ ರೂಮಲ್ಲಿ ನೋಡಿ. ನಿಜವಾದ ಫಾಯಿಲ್ ಆದ್ರೆ ಬೆಳಕು ಹೊರಗೆ ಬರಲ್ಲ, ಮೆಟಲೈಸ್ಡ್ ಫಿಲ್ಮ್ (ಪ್ಲಾಸ್ಟಿಕ್ ಮೇಲೆ ತೆಳ್ಳಗೆ ಲೋಹದ ಲೇಪ) ಆದ್ರೆ ಮಂಕಾಗಿ ಕಾಣತ್ತೆ. ಮಡ್ಚಿ ಬಿಟ್ರೆ ಫಾಯಿಲ್ ಮಡಿಕೆ ಹಂಗೇ ನಿಲ್ಲತ್ತೆ, ಇನ್ನೊಂದು ಬಿಚ್ಕೊಳತ್ತೆ. ಫಾಯಿಲ್ ಅಂತ ಮೇಲ್‌ನಲ್ಲಿ ಬರೆದು ಮೆಟಲೈಸ್ಡ್ ಕಳ್ಸಿದ ಸಪ್ಲೈಯರ್‌ನ ಲಿಸ್ಟಿಂದ ಅಲ್ಲೇ ತೆಗ್ದೆ. ಆಮೇಲೆ ಬಕೆಟ್ ಟೆಸ್ಟು. ಗಾಳಿ ತುಂಬ್ಸಿ ಸೀಲ್ ಮಾಡಿ ನೀರಲ್ಲಿ ಮುಳುಗ್ಸಿ ಒತ್ತಿ, ಗುಳ್ಳೆ ವಾಲ್ವಿಂದ ಮಾತ್ರ ಬರ್ಬೇಕು. ತಳದ ಗಸೆಟ್ ಮಡಿಕೆ ಎರಡೂ ಮೂಲೆ ಕಣ್ಣಿಟ್ಟು ನೋಡಿ, ನಂಗೆ ಸೋರಿಕೆ ಸಿಕ್ಕಿದ್ದೆಲ್ಲ ಅಲ್ಲೇ. ಉಲ್ಟಾನೂ ನೋಡ್ಬೇಕು, ಹಳೇ ಬೀಜ ಹಾಕಿ ಸೀಲ್ ಮಾಡಿ ಗಾಳಿ ಎಲ್ಲ ವಾಲ್ವಿಂದ ಒತ್ತಿ ತೆಗ್ದು ರಾತ್ರಿ ಇಟ್ಟು ಬೆಳಿಗ್ಗೆ ನೋಡಿದ್ರೆ ಚಪ್ಪಟೆಯಾಗೇ ಇರ್ಬೇಕು, ಸಡಿಲ ಆಗಿದ್ರೆ ವಾಲ್ವ್ ಗಾಳಿ ಒಳಗೂ ಎಳ್ಕೊಳ್ತಿದೆ.

ತೇವಕ್ಕೆ ಒಳಗೆ ಒಣಗಿದ ಸಿಲಿಕಾ ಜೆಲ್ ಹಾಕಿ ಸೀಲ್ ಮಾಡಿ ತೂಕ ಬರೆದಿಟ್ಟು ಜುಲೈನಲ್ಲಿ ಅಟ್ಟದ ಮೇಲೆ ಇಟ್ಟೆ, ನಮ್ಮೂರ ಮಳೆಗಿಂತ ದೊಡ್ಡ ಲ್ಯಾಬ್ ಎಲ್ಲಿದೆ ಹೇಳಿ. ಯಾವ್ದು ತೂಕ ಜಾಸ್ತಿ ಆಯ್ತೋ ಅದು ಔಟ್. ಖಾಲಿ ಪೌಚ್ ಜಿಪ್ ಹಾಕಿಟ್ಟು ಮರುದಿನ ಮೂಗಿಟ್ಟು ನೋಡಿ, ಗಮ್ಮು ಇಂಕಿನ ವಾಸನೆ ಬಂದ್ರೆ ಅದು ಕಾಫಿಗೂ ಹತ್ತತ್ತೆ. ಇಷ್ಟು ಪಾಸ್ ಆದ್ಮೇಲೇ ಲ್ಯಾಬಿಗೆ ಕೊಟ್ಟಿದ್ದು. ಆಹಾರ ಸುರಕ್ಷತೆ ನೋಡ್ಕೊಳ್ಳೋ ಎಫ್‌ಎಸ್‌ಎಸ್‌ಎಐನ 2018ರ ಪ್ಯಾಕೇಜಿಂಗ್ ರೂಲ್ ಪ್ರಕಾರ ಪ್ಲಾಸ್ಟಿಕ್‌ನಿಂದ ಆಹಾರಕ್ಕೆ ಇಳಿಯೋದು ಒಟ್ಟು ಕೆಜಿಗೆ 60 ಮಿಲಿಗ್ರಾಂ ಮೀರ್ಬಾರ್ದು. ಸಪ್ಲೈಯರ್ ಯುರೋಪ್ ರಿಪೋರ್ಟ್ ಕೊಡ್ತಾನೆ, ಓದೋಕೆ ಒಳ್ಳೇದು, ಆದ್ರೆ ಇಲ್ಲಿ ಐಎಸ್ 9845 (ಇದೇ ಟೆಸ್ಟಿಗಿರೋ ಭಾರತದ ಸ್ಟ್ಯಾಂಡರ್ಡ್) ಪ್ರಕಾರ ಮಾಡಿಸಿದ್ದು ಕೈಲಿದ್ರೆ ಧೈರ್ಯ.

ಕೊನೆಗೆ ಪೌಚ್ ಇಂಪೋರ್ಟ್ ಮಾಡ್ಲಿಲ್ಲ ಅಂದ್ರೆ ನಗ್ತೀರೇನೋ. ಬಲ್ಕ್ ಪ್ಲಾಸ್ಟಿಕ್ ಪ್ಯಾಕೇಜಿಂಗ್ ತರ್ಸಿದ್ರೆ ಇಂಪೋರ್ಟರ್ ಅಂತ ಇಪಿಆರ್ (ಪ್ಲಾಸ್ಟಿಕ್ ಕಸಕ್ಕೆ ತಂದೋರೇ ಹೊಣೆ ಅನ್ನೋ ನಿಯಮ) ರಿಜಿಸ್ಟ್ರೇಷನ್ ಆಗ್ಬೇಕು, ಗ್ರವೂರ್ ಪ್ರಿಂಟಿಗೆ (ಕೆತ್ತಿದ ಸಿಲಿಂಡರ್‌ನಿಂದ ಮಾಡೋ ಪ್ರಿಂಟು) ಕಲರ್‌ಗೊಂದು ಸಿಲಿಂಡರ್ ಚಾರ್ಜು, ನಮ್ಮ ಮಾರಾಟಕ್ಕೆ ಅದು ಜಾಸ್ತಿ ಆಯ್ತು. ಪಾಸಾದ ಸ್ಯಾಂಪಲ್‌ನೇ ಗುಜರಾತಿನ ಒಬ್ಬ ಮ್ಯಾನುಫ್ಯಾಕ್ಚರರ್‌ಗೆ ಕಳ್ಸಿ ಇದೇ ಲೇಯರ್, ಇದೇ ಸೀಲ್ ಬೇಕು ಅಂದೆ, ಮಾಡ್ಕೊಟ್ಟ. ಬರೀ ಮಾತಲ್ಲಿ ಹೇಳಿದ್ರೆ ಆಗ್ತಿರ್ಲಿಲ್ಲ, ಕೈಯಲ್ಲಿ ಪೀಸ್ ಇದ್ದಿದ್ದಕ್ಕೇ ಆಗಿದ್ದು. ಡ್ರಿಪ್ ಫಿಲ್ಟರ್ ಮಾತ್ರ ಈಗ್ಲೂ ಅಲ್ಲಿಂದ್ಲೇ. ಅದಕ್ಕೆ ಪ್ರತಿ ಸಲ ಒಂದು ಪ್ಯಾಕ್ ಸಹಿ ಹಾಕಿ ಸೀಲ್ ಮಾಡಿ ಎತ್ತಿಡ್ತೀನಿ, ಮುಂದಿನ ಲಾಟ್ ಬಂದಾಗ ಪಕ್ಕ ಇಟ್ಟು ನೋಡೋಕೆ. ಲೋಟಕ್ಕೆ ಸಿಕ್ಕಿಸೋ ಕಿವಿ ಪೇಪರ್ ಬಿಸಿನೀರಿಗೆ ಬಗ್ಗತ್ತಾ, ಅಂಟು ವಾಸನೆ ಇದ್ಯಾ ಅಷ್ಟೇ ಟೆಸ್ಟು.

ಟೈಮಿಂಗ್ ಬಗ್ಗೆ ಒಂದು ಮಾತು. ಚೀನಾದವ್ರ ಹೊಸ ವರ್ಷ ಜನವರಿ ಕೊನೆ ಇಲ್ಲ ಫೆಬ್ರವರೀಲಿ ಬರತ್ತೆ, ಆಗ ಫ್ಯಾಕ್ಟರಿಗಳೆಲ್ಲ ವಾರಗಟ್ಲೆ ಬಂದ್, ನಮ್ಗೂ ಅದೇ ಟೈಮಲ್ಲಿ ಕುಯ್ಲು, ಆಳು, ಕಣ. ಹಂಗಾಗಿ ಸ್ಯಾಂಪಲ್ ಕೆಲ್ಸ ದೀಪಾವಳಿ ಒಳಗೇ ಮುಗಿಸ್ಕೋತೀನಿ.