ಮುರಕಲ್ಲಿನ ನೆಲದಲ್ಲಿ ಸೆಪ್ಟಿಕ್ ಟ್ಯಾಂಕ್: ನನ್ನ ಕೆಲಸದ ಕ್ರಮ

ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಪೈವಳಿಕೆ ಸುತ್ತಮುತ್ತಲಿನ ಮನೆಗಳಲ್ಲಿ ಪೈಪು, ಟ್ಯಾಂಕಿನ ಕೆಲಸ ಮಾಡಿಕೊಂಡು ಬಂದವನು ನಾನು. ಯಾರಾದರೂ ಹೊಸ ಮನೆಗೆ ಟ್ಯಾಂಕ್ ಕಟ್ಟಬೇಕು ಅಂತ ಕರೆದರೆ ಮೊದಲು ಬಾವಿಯ ಹತ್ತಿರ ಹೋಗುತ್ತೇನೆ. ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜೋರು ಮಳೆಯ ತಿಂಗಳಲ್ಲಿ, ನೀರು ಎಲ್ಲಿಯವರೆಗೆ ಏರುತ್ತದೆ ಅಂತ ಮನೆಯ ಹಿರಿಯರನ್ನು ಕೇಳುತ್ತೇನೆ. ಒಳಗೋಡೆಯ ಪಾಚಿ ಗೆರೆಯನ್ನೂ ನೋಡುತ್ತೇನೆ. ಉಳಿದ ಲೆಕ್ಕವೆಲ್ಲ ಅಲ್ಲಿಂದ ಶುರು.

ಯಾಕೆಂದರೆ ನಮ್ಮದು ಮುರಕಲ್ಲಿನ ನೆಲ. ಮೇಲೆ ಸ್ವಲ್ಪ ಮಣ್ಣು, ಅದರ ಕೆಳಗೆ ತೂತು, ಬಿರುಕು ತುಂಬಿದ ಕೆಂಪು ಕಲ್ಲು, ಇನ್ನೂ ಕೆಳಗೆ ಶೇಡಿ ಎಂಬ ಮೆತ್ತನೆಯ ಜೇಡಿಮಣ್ಣು. ಮಳೆನೀರು ಕಲ್ಲಿನೊಳಗೆ ಸರಕ್ಕನೆ ಇಳಿಯುತ್ತದೆ. ಶೇಡಿ ಅದನ್ನು ಬೇಗ ಒಳಗೆ ಬಿಡುವುದಿಲ್ಲ, ಹಾಗಾಗಿ ನೀರು ಅದರ ಮೇಲೆ ಅಡ್ಡ ಹರಿಯುತ್ತದೆ. ಬಾಯಾರು, ಎಣ್ಮಕಜೆಯ ಗುಡ್ಡಗಳಲ್ಲಿ ನೀರಿಗಾಗಿ ಅಡ್ಡಕ್ಕೆ ಸುರಂಗ ಕೊರೆದವರು ನಂಬಿದ್ದು ಇದೇ ನೀರನ್ನು. ಕಕ್ಕುಸು ಗುಂಡಿಯ ನೀರೂ ಅದೇ ದಾರಿಯಲ್ಲಿ ಹೋಗುತ್ತದೆ, ಅಲ್ವಾ? "ನಮ್ಮ ಗುಂಡಿ ಎಷ್ಟು ನೀರು ಬಿಟ್ಟರೂ ಕುಡಿಯುತ್ತದೆ ಮಾರಾಯ" ಅಂತ ಮನೆಯವರು ಖುಷಿಯಲ್ಲಿ ಹೇಳುತ್ತಾರೆ. ನನಗೆ ಭಯವಾಗುವುದು ಅಂಥ ಗುಂಡಿಯದ್ದೇ. ಅಷ್ಟು ಬೇಗ ಇಳಿದ ನೀರು ಸೋಸಿಕೊಳ್ಳುವುದೇ ಇಲ್ಲ. ಹಾಗೇ ಬಾವಿಗೆ ಸೇರಬಹುದು.

ಕೇರಳದ ಪಂಚಾಯತು ಕಟ್ಟಡ ನಿಯಮದ ಪ್ರಕಾರ ಟ್ಯಾಂಕ್ ಮತ್ತು ಅದರಿಂದ ಹೊರಬಂದ ನೀರು ನೆಲಕ್ಕೆ ಇಳಿಯುವ ಇಂಗುಗುಂಡಿ ಕುಡಿಯುವ ನೀರಿನ ಬಾವಿಯಿಂದ 7.5 ಮೀಟರ್ ದೂರ ಇರಬೇಕು. ಜಾಗದ ಗಡಿಯಿಂದ 1.2 ಮೀಟರ್. ಬಿರುಕು ಬಿಟ್ಟ ಕಲ್ಲಿನಲ್ಲಿ 7.5 ಮೀಟರ್ ನನಗೆ ಸಾಲದು. ಜಾಗ ಇದ್ದರೆ 15 ಮೀಟರ್ ಬಿಡುತ್ತೇನೆ, ಅದೂ ಬಾವಿಗಿಂತ ತಗ್ಗಿನ ಕಡೆ. ಬರೆಯ (ಗುಡ್ಡದ ಇಳಿಜಾರಿನ) ಕೆಳಗೆ ನೆರೆಮನೆಯ ಬಾವಿಯೋ ಸುರಂಗವೋ ಇದೆಯಾ ಅಂತ ಹೋಗಿ ನೋಡುತ್ತೇನೆ. ನಮ್ಮ ಗಡಿ ದಾಟಿದ ಮೇಲೂ ಆ ನೀರಿನ ಹೊಣೆ ನಮ್ಮದೇ.

ಟ್ಯಾಂಕ್ ಕಟ್ಟುವುದು ಅಷ್ಟು ಕಷ್ಟವಲ್ಲ. ಐದು ಜನರ ಮನೆಗೆ ಒಳ ಅಳತೆ 6 ಅಡಿ ಉದ್ದ, 3 ಅಡಿ ಅಗಲ, ನೀರು ನಿಲ್ಲುವ ಆಳ 4 ಅಡಿ ಇಡುತ್ತೇನೆ. ಸುಮಾರು 2,000 ಲೀಟರ್ ಹಿಡಿಯುತ್ತದೆ. ನೀರಿನ ಮೇಲೆ 1 ಅಡಿ ಖಾಲಿ. ಉದ್ದದ ಮೂರರಲ್ಲಿ ಎರಡು ಪಾಲಿಗೆ ಒಂದು ಅಡ್ಡಗೋಡೆ, ಅದರ ನಡು ಎತ್ತರದಲ್ಲಿ ತೂತು. ಒಳಬರುವ ಪೈಪಿಗಿಂತ ಹೊರಹೋಗುವ ಪೈಪು 2 ಇಂಚು ಕೆಳಗೆ. ಎರಡಕ್ಕೂ 'ಟಿ' (T ಆಕಾರದ ಪೈಪು ತುಂಡು) ಹಾಕಿ 1 ಅಡಿ ನೀರಿನೊಳಗೆ ಇಳಿಸಬೇಕು. 'ಟಿ' ಇಲ್ಲದಿದ್ದರೆ ಮೇಲೆ ತೇಲುವ ಕೆನೆ ಸೀದಾ ಇಂಗುಗುಂಡಿಗೆ ಹೋಗಿ ಅದರ ಬಾಯಿ ಕಟ್ಟುತ್ತದೆ. ಮುರಕಲ್ಲಿನ ಗೋಡೆಗೆ ಒಳಗೂ ಹೊರಗೂ ಸಿಮೆಂಟ್ ಗಾರೆ ಬೇಕೇ ಬೇಕು. ಗಾರೆ ಗಟ್ಟಿಯಾದ ಮೇಲೆ ನೀರು ತುಂಬಿಸಿ, ಗೆರೆ ಎಳೆದು ಒಂದು ದಿನ ಬಿಡುತ್ತೇನೆ. ಗೆರೆಯಿಂದ ನೀರು ಇಳಿದರೆ ಮತ್ತೆ ಗಾರೆ.

ಮುಚ್ಚಳವನ್ನು ನೆಲದ ಮೇಲೆ ತುಂಡು ತುಂಡಾಗಿ ಎರಕ ಹಾಕಿ, ಆಮೇಲೆ ಎತ್ತಿ ಇಡಿಸುತ್ತೇನೆ. ಟ್ಯಾಂಕಿನೊಳಗೆ ಎರಕಕ್ಕೆ ಆಧಾರ ಕೊಡುವ ಸೆಂಟ್ರಿಂಗ್ ಹಲಗೆ ಕಟ್ಟಿಸುವುದಿಲ್ಲ. ಮುಚ್ಚಿದ ಹೊಸ ಟ್ಯಾಂಕಿನಲ್ಲಿ ನೀರು ನಿಂತು ಹಲಗೆ ಕೊಳೆತರೆ ಗಾಳಿಯಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಒಮ್ಮೆಯೂ ಬಳಸದ ಟ್ಯಾಂಕಿಗೆ ಹಲಗೆ ಬಿಚ್ಚಲು ಇಳಿದವರು ಸತ್ತದ್ದುಂಟು.

ನನ್ನ ಹೆಚ್ಚಿನ ಶ್ರಮ ಇಂಗುಗುಂಡಿಗೆ. ಬಾಯಿ ಅಗಲ, ಆಳ ಕಡಿಮೆ. ಗುಂಡಿಯ ತಳ ಆಟಿಯ ನೀರಿನ ಮಟ್ಟಕ್ಕಿಂತ ಸುಮಾರು 2 ಮೀಟರ್ ಮೇಲೆ ಇರಬೇಕು. ಕಲ್ಲು ತೂತುತೂತಾಗಿದ್ದರೆ ತಳಕ್ಕೆ ಜೇಡಿಮಣ್ಣು ಬಡಿದು ಮುಚ್ಚುತ್ತೇನೆ. ಸುತ್ತ ಅರ್ಧ ಮೀಟರ್ ದಪ್ಪಕ್ಕೆ ನಯ ಮರಳು ತುಂಬುತ್ತೇನೆ. ಆಗ ನೀರು ಬದಿಯಿಂದ ಮರಳಿನಲ್ಲಿ ಸೋಸಿಕೊಂಡು ನಿಧಾನ ಹೋಗುತ್ತದೆ. ಮರಳಿಗೆ ದುಡ್ಡು ಜಾಸ್ತಿ, ಸುಮ್ನೆ ಯಾಕೆ ಖರ್ಚು ಅಂತ ಎಲ್ಲರೂ ಕೇಳುತ್ತಾರೆ. ಬಾವಿ ಒಂದೇ ಇರುವ ಮನೆಯಲ್ಲಿ ಈ ಖರ್ಚಿಗೆ ಹಿಂದೆ ನೋಡಬಾರದು. ಬಾವಿಯ ನೀರು ಮಳೆಗಾಲದಲ್ಲಿ ನೆಲದಿಂದ ಏಳೆಂಟು ಅಡಿ ಕೆಳಗಿನವರೆಗೆ ಏರುವ ಬೈಲಿನಲ್ಲಿ ಗುಂಡಿ ತೋಡಲೇಬಾರದು. ಅಲ್ಲಿ ನೆಲದಿಂದ ಮೇಲೆ ಮಣ್ಣಿನ ದಿಬ್ಬ ಏರಿಸಿ ಅದರೊಳಗೆ ಇಂಗಿಸಬೇಕು.

ಇನ್ನು ರಿಪೇರಿ. ಇಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜುಲೈ ಬಂದರೆ ಫೋನು ಶುರು: "ಕಮೋಡಿನಲ್ಲಿ ನೀರು ಇಳಿಯುವುದಿಲ್ಲ ಅಣ್ಣ, ಟ್ಯಾಂಕ್ ತುಂಬಿದೆ, ಲಾರಿ ಕರೆಸಲಾ?" ತಡೆಯಿರಿ ಅನ್ನುತ್ತೇನೆ. ಟ್ಯಾಂಕ್ ಯಾವತ್ತೂ ತುಂಬಿಯೇ ಇರುತ್ತದೆ. ಮುಚ್ಚಳ ಸರಿಸಿ, ಸ್ವಲ್ಪ ಹೊತ್ತು ದೂರ ನಿಂತು, ಆಮೇಲೆ ಹೊರಪೈಪಿನ ಮಟ್ಟ ನೋಡಬೇಕು. ನೀರು ಆ ಪೈಪಿನ ತಳಕ್ಕೆ ಸರಿಯಾಗಿದ್ದರೆ ಟ್ಯಾಂಕ್ ಸರಿ ಇದೆ, ಕಟ್ಟಿಕೊಂಡದ್ದು ಕಮೋಡಿನಿಂದ ಬರುವ ಪೈಪು. ಹೊರಪೈಪು ಮುಳುಗಿದ್ದರೆ ತೊಂದರೆ 'ಟಿ'ಯಲ್ಲೋ ಇಂಗುಗುಂಡಿಯಲ್ಲೋ. ಲಾರಿ ತರಿಸಿ ಖಾಲಿ ಮಾಡಿದ ಮೇಲೆ ಯಾರೂ ಬಳಸದೆಯೇ ಮತ್ತೆ ತುಂಬಿದರೆ ಗೋಡೆಯಿಂದ ಅಂತರ್ಜಲ ಒಳಬರುತ್ತಿದೆ ಎಂದರ್ಥ. ಆಗ ಬೇಸಿಗೆವರೆಗೆ ಕಾದು ಗಾರೆ ಮಾಡಿಸಬೇಕು. ಪ್ಲಾಸ್ಟಿಕ್ ಟ್ಯಾಂಕನ್ನಂತೂ ಮಳೆಗಾಲದಲ್ಲಿ ಖಾಲಿ ಮಾಡಲೇಬೇಡಿ, ಸುತ್ತಲಿನ ನೀರು ಅದನ್ನು ದೋಣಿಯ ಹಾಗೆ ಎತ್ತಿಬಿಡುತ್ತದೆ.

ಮಾಡಿನ (ಛಾವಣಿಯ) ಮಳೆನೀರನ್ನು ಟ್ಯಾಂಕಿಗೆ ಬಿಟ್ಟ ಮನೆಗಳೂ ಇವೆ. ಅದನ್ನು ಅವತ್ತೇ ತಪ್ಪಿಸಬೇಕು. ಬಚ್ಚಲಿನ ನೀರು ಬಾಳೆಬುಡಕ್ಕೆ ಹೋಗಲಿ.

ಕೆಸರು ಎಷ್ಟು ಕೂತಿದೆ ಎಂದು ನೋಡಲು ಉದ್ದ ಕೋಲಿಗೆ ಬಿಳಿ ಬಟ್ಟೆ ಸುತ್ತಿ ತಳದವರೆಗೆ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಎತ್ತುತ್ತೇನೆ. ಬಟ್ಟೆ ಕಪ್ಪಾದಷ್ಟು ಎತ್ತರಕ್ಕೆ ಕೆಸರಿದೆ. ಆಳದ ಮೂರನೇ ಒಂದು ಪಾಲು ದಾಟಿದರೆ ತೆಗೆಸಬೇಕು. ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೊಮ್ಮೆ, ಏಪ್ರಿಲ್ ಒಳಗೆ. ಲಾರಿಯವರು ಎಲ್ಲಿ ಖಾಲಿ ಮಾಡುತ್ತಾರೆ ಅಂತ ಕೇಳದೆ ದುಡ್ಡು ಕೊಡಬೇಡಿ. ರಾತ್ರಿ ತೋಡಿಗೆ ಬಿಟ್ಟರೆ ಆ ನೀರು ಯಾರದ್ದೋ ತೋಟಕ್ಕೆ, ಬಾವಿಗೆ.

ಯಾರನ್ನೂ ಒಳಗೆ ಇಳಿಸಬೇಡಿ. ರಕ್ಷಣೆಯ ವ್ಯವಸ್ಥೆ ಇಲ್ಲದೆ ಇಳಿಸುವುದು ಮಲ ಹೊರುವ ಕೆಲಸ ನಿಷೇಧಿಸಿದ 2013ರ ಕಾನೂನಿನಂತೆ ಅಪರಾಧ. ಟ್ಯಾಂಕಿನೊಳಗೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಗಾಳಿ ಜಾಸ್ತಿ ಇದ್ದರೆ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ಮೊದಲನೆಯವನು ಬೀಳುತ್ತಾನೆ, ಎತ್ತಲು ಹೋದವನೂ ಬೀಳುತ್ತಾನೆ. ಯಾರಾದರೂ ಬಿದ್ದರೆ ಮೇಲಿಂದಲೇ ಹಗ್ಗ ಹಾಕಿ, ಅಗ್ನಿಶಾಮಕ ದಳದ 101ಕ್ಕೆ ಫೋನ್ ಮಾಡಿ. ನನ್ನ ಜೊತೆಗೆ ಬರುವ ಹುಡುಗರಿಗೆ ಈ ಮಾತನ್ನು ಪ್ರತಿ ಮನೆಯಲ್ಲೂ ಹೇಳುತ್ತೇನೆ.

ಕೆಲಸ ಮುಗಿದ ದಿನ ಒಂದು ಕಾಗದದಲ್ಲಿ ನಕ್ಷೆ ಬರೆದು ಮನೆಯವರಿಗೆ ಕೊಡುತ್ತೇನೆ. ಮನೆಯ ಎರಡು ಮೂಲೆಗಳಿಂದ ಮುಚ್ಚಳಕ್ಕೆ ಎಷ್ಟು ಅಡಿ, ಪೈಪು ಎಲ್ಲಿ ತಿರುಗುತ್ತದೆ, ಇಂಗುಗುಂಡಿ ಎಲ್ಲಿ ಎಲ್ಲವೂ ಅದರಲ್ಲಿರುತ್ತದೆ. ಅಂಗಳಕ್ಕೆ ಇಂಟರ್‌ಲಾಕ್ ಹಾಕಿದ ಮೇಲೆ ಹುಡುಕಲು ಬೇರೆ ದಾರಿ ಇಲ್ಲ. ಮನೆಯ ಕರೆಂಟಿನ ಮೀಟರ್ ಪೆಟ್ಟಿಗೆಯ ಬಾಗಿಲಿನ ಒಳಬದಿಗೆ ಅದನ್ನು ಅಂಟಿಸಲು ಹೇಳುತ್ತೇನೆ.