ಕರೆಂಟ್ ಕಂಪನಿಯೇ ‘ಕಡಿಮೆ ಬಳಸಿ’ ಎಂದಾಗ: ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ಕಡೆಯವರಿಗೆ

ರಜೆಗೆಂದು ಬಾಗಲಕೋಟೆಯ ನವನಗರದ ಮನೆಗೆ ಬಂದಿದ್ದೇನೆ. ಬೆಳಿಗ್ಗೆ ಮೀಟರ್ ರೀಡರ್ ಬಂದು ಹೆಸ್ಕಾಂ ಚೀಟಿ ಹರಿದುಕೊಟ್ಟು ಹೋದ. ಗೃಹಜ್ಯೋತಿ ಇರುವುದರಿಂದ ಅವ್ವ ಕಟ್ಟಬೇಕಾದದ್ದು ಸೊನ್ನೆ. ಆದರೂ ಕನ್ನಡಕ ಹಾಕಿಕೊಂಡು, ಯೂನಿಟ್ ಎಷ್ಟಾಯಿತು ಎಂದು ಓದಿಯೇ ಚೀಟಿಯನ್ನು ಗೋಡೆಯ ಮೊಳೆಗೆ ಚುಚ್ಚಿದಳು. ಮಿತಿ ದಾಟಿದರೆ ದುಡ್ಡು ಬೀಳುತ್ತದೆಂದು ಆಕೆಗೆ ಗೊತ್ತು.

ಬೆಳಗಾವಿ, ಬಾಗಲಕೋಟೆ, ವಿಜಯಪುರದಿಂದ ಅಮೆರಿಕಕ್ಕೆ ಹೋದ ನಾವು ಮೊದಲು ಬಿಡುವುದು ಇದೇ ಅಭ್ಯಾಸವನ್ನು. ಬಿಲ್ಲು ಬ್ಯಾಂಕಿನಿಂದ ತಾನೇ ಕಟ್ ಆಗುತ್ತದೆ, ತೆರೆದು ನೋಡುವವರಿಲ್ಲ. ನಾನೂ ನೋಡುತ್ತಿರಲಿಲ್ಲ. ಒಂದು ಚಳಿಗಾಲ ಅವ್ವ ಫ್ರೀಮಾಂಟ್‌ನ ನಮ್ಮ ಮನೆಗೆ ಬಂದಳು. ಬಾಗಲಕೋಟೆಯ ಬಿಸಿಲಲ್ಲಿ ಬೆಳೆದ ಜೀವ, ಅಲ್ಲಿಯ ಥಂಡಿ ತಡೆಯಲಿಲ್ಲ. ಆಕೆಯ ಕೋಣೆಗೆ 1500 ವ್ಯಾಟಿನ ಸಣ್ಣ ಹೀಟರ್ ತಂದಿಟ್ಟೆ. ದಿನಕ್ಕೆ ಹತ್ತು ತಾಸು ಉರಿದರೆ 15 ಯೂನಿಟ್. ಅಲ್ಲಿ ಯೂನಿಟ್ಟಿಗೆ 30 ಸೆಂಟ್‌ಗೂ ಮೇಲೆ. ತಿಂಗಳ ಕೊನೆಗೆ ಬಿಲ್ಲಿನ ಜೊತೆ ಕಂಪನಿಯ ಪತ್ರವೂ ಬಂತು: ನಿಮ್ಮಂಥ ಮನೆಗಳಿಗಿಂತ ನೀವು ಹೆಚ್ಚು ಬಳಸಿದ್ದೀರಿ, ಕಡಿಮೆ ಮಾಡಲು ಇಂಥಿಂಥ ದಾರಿಗಳಿವೆ. ಓದಿ ಹೇಳಿದೆ. “ಕರೆಂಟ್ ಮಾರಾವ್ರೇ ಕರೆಂಟ್ ಕಡಿಮಿ ಸುಡ್ರಿ ಅಂತಾರೇನ ತಮ್ಮಾ? ಅವರಿಗೇನ ಲಾಭ?” ಎಂದಳು.

ಈ ಪ್ರಶ್ನೆಗೆ ಉತ್ತರ ತಿಳಿದರೆ ಉಳಿದದ್ದೆಲ್ಲ ಸುಲಭ. ನಮ್ಮ ಕರೆಂಟ್ ಕಂಪನಿಯಾದ ಪಿಜಿ ಆಂಡ್ ಇಗೆ ವರ್ಷಕ್ಕೆ ಎಷ್ಟು ಆದಾಯ ಸಿಗಬೇಕೆಂದು ದರಗಳ ಮೇಲೆ ಕಣ್ಣಿಡುವ ಕ್ಯಾಲಿಫೋರ್ನಿಯಾ ರಾಜ್ಯದ ಪಬ್ಲಿಕ್ ಯುಟಿಲಿಟೀಸ್ ಕಮಿಷನ್ ಮೊದಲೇ ನಿಗದಿ ಮಾಡುತ್ತದೆ. ಹೆಚ್ಚು ಯೂನಿಟ್ ಮಾರಾಟವಾಗಿ ಹಣ ಹೆಚ್ಚು ಬಂದರೆ ಮುಂದಿನ ದರದಲ್ಲಿ ಇಳಿಸುತ್ತಾರೆ, ಕಡಿಮೆ ಬಂದರೆ ಏರಿಸುತ್ತಾರೆ. 1980ರ ದಶಕದಿಂದ, ನಡುವೆ ಕೆಲವು ವರ್ಷ ಬಿಟ್ಟು, ಪದ್ಧತಿ ಹೀಗೇ ಇದೆ. ಹೀಗಾಗಿ ನಾವು ಹೆಚ್ಚು ಉರಿಸಿದ ಮಾತ್ರಕ್ಕೆ ಕಂಪನಿಯ ಲಾಭ ಹೆಚ್ಚುವುದಿಲ್ಲ. ಉಳಿತಾಯಕ್ಕೆ ನೆರವಾಗುವ ಯೋಜನೆಗಳ ಖರ್ಚು ನಮ್ಮ ಬಿಲ್ಲಿನಲ್ಲೇ ‘ಪಬ್ಲಿಕ್ ಪರ್ಪಸ್ ಪ್ರೋಗ್ರಾಮ್ಸ್’ ಎಂಬ ಸಾಲಿನಲ್ಲಿ ಸೇರಿರುತ್ತದೆ. ನೀವು ಆಗಲೇ ಕೊಟ್ಟ ಹಣ ಅದು. ‘ಕೈ ಚಾಚಿ ಕೇಳೋದು ನಮಗ ಒಗ್ಗೂದಿಲ್ಲ’ ಎನ್ನುವ ನಮ್ಮ ಮಂದಿಗೆ ಇದನ್ನು ಒತ್ತಿ ಹೇಳುತ್ತೇನೆ. ಸರ್ಕಾರ ಕಡಿಮೆ ಬೆಲೆಗೆ ಕೊಟ್ಟ ಉಜಾಲಾ ಯೋಜನೆಯ 9 ವ್ಯಾಟಿನ ಎಲ್ಇಡಿ ಬಲ್ಬನ್ನು ಸಂಕೋಚವಿಲ್ಲದೆ ತಂದುಕೊಂಡೆವಲ್ಲ, ಹಾಗೆಯೇ ಇದು.

ಮೊದಲು ಕಂಪನಿಯ ವೆಬ್‌ಸೈಟಿನಲ್ಲಿ ನಿಮ್ಮ ಖಾತೆ ತೆರೆಯಿರಿ. ಸ್ಮಾರ್ಟ್ ಮೀಟರ್ ಇರುವುದರಿಂದ ನಿನ್ನೆ ಯಾವ ತಾಸಿನಲ್ಲಿ ಎಷ್ಟು ಯೂನಿಟ್ ಹೋಯಿತೆಂದು ಕಂಬಗಳ ಹಾಗೆ ಕಾಣುತ್ತದೆ. ನಮ್ಮ ಚಿತ್ರದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಒಂದೇ ಎತ್ತರದ ಕಂಬಗಳ ಸಾಲು ನಿಂತಿತ್ತು. ಅದು ಅವ್ವನ ಹೀಟರ್. ಅದೇ ತಾಣದಲ್ಲಿ ಮನೆ ತಪಾಸಣೆಯ ಪ್ರಶ್ನಾವಳಿಯೂ ಇದೆ, ಹತ್ತು ನಿಮಿಷದ ಕೆಲಸ.

ಆಮೇಲೆ ಕಾರಣ ಹುಡುಕಿದೆ. ದೇವರ ಮುಂದಿನ ಊದಿನಕಡ್ಡಿ ಹಚ್ಚಿಕೊಂಡು ಕಿಟಕಿಯ ಅಂಚಿನಲ್ಲಿ ನಿಧಾನಕ್ಕೆ ಸರಿಸಿದೆ. ನೆಟ್ಟಗೆ ಏರುತ್ತಿದ್ದ ಹೊಗೆ ಕೆಳಗಿನ ಮೂಲೆಗೆ ಬಂದದ್ದೇ ಕೋಣೆಯ ಕಡೆ ಮಲಗಿತು. ಬಾಗಿಲಡಿಯಲ್ಲೂ ಹಾಗೆಯೇ. ಸಂದಿಗೆ ಅಂಟುಪಟ್ಟಿ ಹಚ್ಚಿದ ಮೇಲೆ ಹೀಟರನ್ನು ಮಲಗುವ ಮುಂಚೆ ಒಂದೆರಡು ತಾಸು ಉರಿಸಿದರೆ ಸಾಕಾಯಿತು. ಫ್ರೀಮಾಂಟ್ ಸೇರಿದಂತೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ಕೆಲವು ಸಾರ್ವಜನಿಕ ಗ್ರಂಥಾಲಯಗಳು ಯಾವ ಉಪಕರಣ ಎಷ್ಟು ಎಳೆಯುತ್ತದೆಂದು ತೋರಿಸುವ ವ್ಯಾಟ್ ಮೀಟರನ್ನು ಪುಸ್ತಕದ ಹಾಗೆಯೇ ಎರವಲು ಕೊಡುತ್ತವೆ. ಹಳೆಯ ಫ್ರಿಜ್ಜಿಗೆ ಹಚ್ಚಿ ನೋಡಿ.

ದರ ಹೊತ್ತಿನ ಮೇಲೆ ಬದಲಾಗುತ್ತದೆ. ಸಾಮಾನ್ಯ ಪ್ಲ್ಯಾನಿನಲ್ಲಿ ಸಂಜೆ 4ರಿಂದ 9 ದುಬಾರಿ. ಇನ್ನೊಂದರಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಸಂಜೆ 5ರಿಂದ 8 ಮಾತ್ರ. ಸೂರ್ಯ ಮುಳುಗಿ ಸೋಲಾರ್ ಇಳಿಯುವ ಹೊತ್ತಿಗೇ ಎಲ್ಲರೂ ಮನೆಗೆ ಬಂದು ಸ್ವಿಚ್ ಹಾಕುತ್ತಾರೆ, ಅದಕ್ಕೇ ಈ ಬೆಲೆ. ತ್ರೀ ಫೇಸ್ ಬರುವ ಹೊತ್ತು ನೋಡಿ ಪಂಪ್‌ಸೆಟ್ ಚಾಲೂ ಮಾಡುವ ಮನೆತನದಿಂದ ಬಂದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ನಮ್ಮದು ಕರೆಂಟಿನ ಒಲೆ; ಅವ್ವ ಶನಿವಾರ ಬೆಳಿಗ್ಗೆಯೇ ವಾರಕ್ಕಾಗುವಷ್ಟು ಖಡಕ್ ರೊಟ್ಟಿ ಬಡಿದಿಟ್ಟಳು. ಆದರೆ ರೊಟ್ಟಿಯಿಂದ ಉಳಿಯುವುದು ಅಲ್ಪ. ಬಟ್ಟೆ ಒಣಗಿಸುವ ಯಂತ್ರ, ಎಸಿ, ಕಾರಿನ ಚಾರ್ಜಿಂಗ್ ಇವನ್ನು ರಾತ್ರಿ ಒಂಬತ್ತರ ನಂತರಕ್ಕೆ ತಳ್ಳಿದರೆ ಬಿಲ್ಲಿನಲ್ಲಿ ಕಾಣುತ್ತದೆ, ಅದರಲ್ಲೂ ಬೇಸಿಗೆಯಲ್ಲಿ. ನೀರು ಕಾಯಿಸುವ ಹೀಟರನ್ನು 120 ಡಿಗ್ರಿ ಫ್ಯಾರನ್‌ಹೀಟಿಗೆ ಇಳಿಸಿ, ಸ್ನಾನಕ್ಕೆ ಅಷ್ಟು ಸಾಕು.

ಓದಲು ಹೋದ ಮಕ್ಕಳು, ಒಬ್ಬರೇ ದುಡಿಯುವ ಸಂಸಾರಗಳು ‘ಕೇರ್’ ಯೋಜನೆಯನ್ನು ಮರೆಯಬಾರದು. ಮನೆಯ ಆದಾಯ ಕೇಂದ್ರ ಸರ್ಕಾರದ ಬಡತನ ಮಟ್ಟದ ಎರಡು ಪಟ್ಟಿನೊಳಗಿದ್ದರೆ ಕರೆಂಟಿಗೆ ಶೇ 30ರಿಂದ 35, ಗ್ಯಾಸಿಗೆ ಶೇ 20 ರಿಯಾಯಿತಿ. ಬಿಲ್ಲು ನಿಮ್ಮ ಹೆಸರಿನಲ್ಲಿರಬೇಕು, ಬೇರೆಯವರ ತೆರಿಗೆ ಲೆಕ್ಕದಲ್ಲಿ ನೀವು ಅವಲಂಬಿತರಾಗಿರಬಾರದು. ಅರ್ಜಿ ಹಾಕುವಾಗ ದಾಖಲೆ ಕೇಳುವುದಿಲ್ಲ, ಆದರೆ ಮುಂದೆ ಆದಾಯದ ಪುರಾವೆ ಕೇಳಿ ಪತ್ರ ಬರಬಹುದು. ಅದನ್ನು ಜಾಹೀರಾತೆಂದು ಎಸೆದರೆ ರಿಯಾಯಿತಿ ನಿಲ್ಲುತ್ತದೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ನವೀಕರಣ. ಆದಾಯ ಸ್ವಲ್ಪ ಹೆಚ್ಚಿದ್ದರೂ, ಅಂದರೆ ಎರಡೂವರೆ ಪಟ್ಟಿನವರೆಗೆ, ‘ಎನರ್ಜಿ ಸೇವಿಂಗ್ಸ್ ಅಸಿಸ್ಟೆನ್ಸ್’ ಯೋಜನೆಯವರು ಮನೆಗೇ ಬಂದು ಸಂದಿ ಮುಚ್ಚಿ, ಅಗತ್ಯವಿದ್ದಲ್ಲಿ ಹಳೆಯ ಫ್ರಿಜ್ ಬದಲಿಸಿ ಹೋಗುತ್ತಾರೆ, ಪುಕ್ಕಟೆ. ಬಾಡಿಗೆದಾರರಿಗೂ ಸಿಗುತ್ತದೆ, ಮಾಲೀಕರ ಒಪ್ಪಿಗೆ ಬೇಕು.

ಬಿಲ್ಲಿನಲ್ಲಿ ಎರಡು ಸಂಸ್ಥೆಗಳ ಹೆಸರು ಕಂಡರೆ ಗಾಬರಿ ಬೇಡ. ಫ್ರೀಮಾಂಟ್‌ನಲ್ಲಿ ವಿದ್ಯುತ್ ಖರೀದಿಸುವುದು ಆವಾ ಕಮ್ಯುನಿಟಿ ಎನರ್ಜಿ, ತಂತಿ ಮತ್ತು ಮೀಟರ್ ಪಿಜಿ ಆಂಡ್ ಇ ಕಂಪನಿಯದು. ನೆರವಿನ ಯೋಜನೆಗಳನ್ನು ಎರಡೂ ಕಡೆ ಹುಡುಕಿ.

ಊರಿನಿಂದ ಬಂದ ಹಿರಿಯರು ಮನೆಯಲ್ಲಿ ಒಬ್ಬರೇ ಇರುವಾಗ ‘ಕರೆಂಟ್ ಕಂಪನಿಯವರು’ ಎಂದು ಯಾರಾದರೂ ಬಾಗಿಲು ಬಡಿದು ಬಿಲ್ಲು ತೋರಿಸಿ ಎನ್ನಬಹುದು, ಫೋನ್ ಮಾಡಿ ಈಗಲೇ ಗಿಫ್ಟ್ ಕಾರ್ಡಿನಲ್ಲಿ ಹಣ ಕಟ್ಟದಿದ್ದರೆ ಲೈನ್ ಕಡಿಯುತ್ತೇವೆ ಎಂದೂ ಹೆದರಿಸಬಹುದು. ನಿಜವಾದ ಕಂಪನಿ ಗಿಫ್ಟ್ ಕಾರ್ಡ್ ಕೇಳುವುದಿಲ್ಲ. ನಾನು ಅವ್ವನಿಗೆ ಹೇಳಿಕೊಟ್ಟದ್ದು ಇಷ್ಟೇ: ಬಾಗಿಲು ತೆರೆಯಬೇಡ, ಬಿಲ್ಲು ತೋರಿಸಬೇಡ, ನನಗೆ ಫೋನ್ ಮಾಡು, ಬಿಲ್ಲಿನ ಮೇಲಿರುವ ನಂಬರಿಗೆ ನಾನೇ ಮಾಡಿ ಕೇಳುತ್ತೇನೆ.