ಆರು ಅಡಿಕೆಯಲ್ಲಿ ರಿಸ್ಪಾನ್ಸಿಬಿಲಿಟಿ

ಬದಿಯಡ್ಕದ ಹತ್ತಿರ ನಮ್ಮ ಮನೆ. ಕನ್ನಡ ಮೀಡಿಯಂನಲ್ಲಿ ಏಳನೇ ಕ್ಲಾಸು ಓದುವ ಮಗಳಿಗೆ ‘ರಿಸ್ಪಾನ್ಸಿಬಿಲಿಟಿ’ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ನಡುವಿನ ‘ಬಿ’ ನುಂಗಿ ‘ರಿಸ್ಪಾನ್ಸಿಲಿಟಿ’ ಅನ್ನುತ್ತಿದ್ದಳು. ಬರೆಯುವಾಗಲೂ ಹಾಗೇ. ಹತ್ತು ಸಲ ಬರೆಸಿದೆ, ಉಪಯೋಗ ಆಗಲಿಲ್ಲ.

ಮೊನ್ನೆ ಅಂಗಳದಲ್ಲಿ ಒಣಗಿದ್ದ ಅಡಿಕೆ ತಂದು ಜಗಲಿಯಲ್ಲಿ ಸಾಲಾಗಿ ಇಟ್ಟೆ. ಒಂದು ಸ್ವರಕ್ಕೆ ಒಂದು ಅಡಿಕೆ: ರಿ, ಸ್ಪಾನ್, ಸಿ, ಬಿ, ಲಿ, ಟಿ. ಒಟ್ಟು ಆರು. ನಾಲ್ಕನೆಯದನ್ನು ತೆಗೆದು ಅಲ್ಲಿ ಸಿಪ್ಪೆ ಸುಲಿಯದ ದೊಡ್ಡ ಅಡಿಕೆ ಇಟ್ಟೆ. ಒತ್ತು ಬೀಳುವುದು ಅಲ್ಲೇ. ನಾವು ಕನ್ನಡದಲ್ಲಿ ಹೆಚ್ಚುಕಡಿಮೆ ಎಲ್ಲ ಅಕ್ಷರಕ್ಕೂ ಒಂದೇ ತೂಕ ಕೊಡುತ್ತೇವೆ, ಅಲ್ವಾ? ಇಂಗ್ಲಿಷಿನಲ್ಲಿ ಒಂದು ಎದ್ದು ನಿಲ್ಲುತ್ತದೆ, ಉಳಿದವು ಕುಗ್ಗುತ್ತವೆ. ಅವಳು ನುಂಗುತ್ತಿದ್ದದ್ದು ಆ ಎದ್ದು ನಿಲ್ಲುವ ತುಂಡನ್ನೇ!

ಆಮೇಲೆ ಪದವನ್ನೇ ಬಿಡಿಸಿದೆವು. ‘ರಿಸ್ಪಾನ್ಸಿಬಲ್’ಗೆ ‘ಇಟಿ’ ಸೇರಿದೆ. ಮೂಲ ಪದದಲ್ಲಿ ಒತ್ತು ‘ಸ್ಪಾನ್’ ಮೇಲೆ. ‘ಇಟಿ’ ಬಂದರೆ ಅದರ ಹಿಂದಿನ ತುಂಡಿಗೆ ಜಾರುತ್ತದೆ. ಕೊನೆಯ ‘ಬಲ್’ ಹೋಗಿ ‘ಬಿಲ್’ ಆಗುವುದೂ ಆಗಲೇ ಕಂಡಿತು. ಸ್ಪೆಲಿಂಗ್ ಸರಿಯಾದದ್ದು ಇಲ್ಲೇ.

‘ಎಲೆಕ್ಟ್ರಿಸಿಟಿ’ಗೆ ಅವಳೇ ಐದು ಅಡಿಕೆ ಜೋಡಿಸಿದಳು. ದೊಡ್ಡದನ್ನು ಮೂರನೆಯ ಜಾಗದಲ್ಲಿ, ‘ಟ್ರಿ’ಗೆ ಇಟ್ಟು, “ಅಮ್ಮಾ, ಇದೂ ‘ಇಟಿ’ ಅಲ್ವಾ?” ಅಂದಳು.